ದಾಳಿಂಬೆಯ ಕಡ್ಡಿಯ ಜಾಡು ಹಿಡಿದು

ಚಿತ್ರದುರ್ಗವೆಂದರೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಮದಕರಿನಾಯಕನ ಹೆಸರು. ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬರುವ ಉಪಾಧ್ಯಾಯರಿಂದ ಹಿಡಿದು ಹಂಪೆಗೆ ಹೊರಟ ಸಂಸಾರಗಳವರೆಗೆ ಎಲ್ಲರೂ ಕೋಟೆಯನ್ನು ಹತ್ತಿ ಇಳಿದು, ಬೆವರೊರೆಸಿಕೊಂಡು ಮುಂದಕ್ಕೆ ಸಾಗುತ್ತಾರೆ. ಜಿಲ್ಲೆಯ ಉಳಿದ ಭಾಗವು ಅವರ ಪಾಲಿಗೆ ಕಿಟಕಿಯಾಚೆ ಓಡುವ ಬರಡು ಬಯಲಷ್ಟೆ. ಆ ಬಯಲಿನಲ್ಲಿ ಒಂದು ಹಣ್ಣಿನ ಗಿಡದ ಹಿಂದೆ ಮೂರು ದಿನ ಅಲೆದುದರ ವೃತ್ತಾಂತವಿದು. ಹಿರಿಯೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು, ಹೊಸದುರ್ಗ ಹೊಳಲ್ಕೆರೆಗಳನ್ನು ಬಳಸಿ, ಕಟ್ಟಕಡೆಗೆ ದುರ್ಗವನ್ನು ಸೇರಿದೆವು. ಕೋಟೆಯನ್ನು ಹತ್ತಲಿಲ್ಲ.

ಆ ಗಿಡ ದಾಳಿಂಬೆ. ಮನೆಯಲ್ಲಿ ಯಾರಾದರೂ ಜ್ವರ ಬಿದ್ದು ಎದ್ದರೆ, ಬಸುರಿಗೆ ಬಾಯಿ ಕೆಟ್ಟರೆ, ಆಸ್ಪತ್ರೆಯಲ್ಲಿರುವ ನಂಟರನ್ನು ನೋಡಲು ಹೋಗಬೇಕಾಗಿ ಬಂದರೆ ನಾವು ಕೊಳ್ಳುವ ಹಣ್ಣದು. ಗಾಡಿಯ ಮೇಲೆ ಕೆಂಪಗೆ ಹೊಳೆಯುವ ಹಣ್ಣು ಎಲ್ಲಿಯದೆಂದು ಕೇಳಿದರೆ ವ್ಯಾಪಾರಿಯು ‘ಸೊಲ್ಲಾಪುರದ್ದು’ ಎಂದುಬಿಡುವುದುಂಟು. ಅದು ಹೊಸದುರ್ಗದ್ದೋ ಹಿರಿಯೂರಿನದೋ ಆಗಿರುವ ಸಂಭವವೂ ಕಡಮೆಯೇನಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳಗಳಂತೆ ಚಿತ್ರದುರ್ಗವೂ ಈ ನಾಡಿನ ದಾಳಿಂಬೆಯ ಜಿಲ್ಲೆಗಳಲ್ಲೊಂದು.

ಹಿರಿಯೂರು ವೇದಾವತಿಯ ದಂಡೆಯ ಊರು. ತೇರುಮಲ್ಲೇಶ್ವರನ ಗುಡಿಯನ್ನು ನೋಡಿಕೊಂಡು ಮಾರಿಕಣಿವೆಯ ದಾರಿ ಹಿಡಿದರೆ, ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಹೊಳೆಗೆ ಅಡ್ಡವಾಗಿ ನಿಂತ ಕಲ್ಲಿನ ಕಟ್ಟೆ ಎದುರಾಗುತ್ತದೆ. ಇದೇ ವಾಣೀವಿಲಾಸ ಸಾಗರ. 1898ರಲ್ಲಿ ಮೊದಲಾದ ಕೆಲಸ 1907ರಲ್ಲಿ ಮುಗಿಯಿತು. ಈ ಕಟ್ಟೆಯ ಚರಿತ್ರೆಯೇ ಸೀಮೆಯ ಮಳೆಯ ಚರಿತ್ರೆಯೆನ್ನಬೇಕು: 1933ರಲ್ಲಿ ಒಮ್ಮೆ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ತರುವಾಯ. ಅಂದು ಮಗುವಾಗಿ ನೋಡಿದವರು ಇಂದು ಮುಮ್ಮಕ್ಕಳಿಗೆ ತೋರಿಸಿದರೆಂದಾಯಿತು! 2025ರ ಜನವರಿಯಲ್ಲಿಯೂ ಅದು ತುಂಬಿ ಹರಿಯಿತು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನೆಲದಲ್ಲಿ ಇಂತಹ ಸಂಭ್ರಮಗಳು ಅಪರೂಪವಾಗಿರುವುದು ಸಹಜ. ನಾಲೆಯ ನೀರು ತಲಪಿದಲ್ಲಿ ತೆಂಗು ಅಡಿಕೆಗಳು ನಿಂತಿವೆ, ತಲಪದಲ್ಲಿ ಕೊಳವೆಬಾವಿ. ಅದೂ ಕೆಲವೆಡೆ ಸಾವಿರ ಅಡಿ ಇಳಿದರೂ ಧೂಳನ್ನೇ ಉಗುಳುತ್ತದೆ.

ಇಂತಹ ನೆಲ ದಾಳಿಂಬೆಗೆ ಹಿಡಿಸಿದೆಯೆಂದರೆ ನಗರದವರಿಗೆ ವಿಚಿತ್ರವೆನಿಸೀತು. ಆದರೆ ಅದರ ತವರು ಇರಾನಿನ ಒಣಸೀಮೆ. ಹಣ್ಣು ಬಲಿಯುವಾಗ ಗಾಳಿ ಒಣಗಿದ್ದಷ್ಟೂ ಅದಕ್ಕೆ ಹಿತ. ಅದು ಹೂ ಬಿಡಬೇಕಾದರೆ ಮೊದಲು ಬಾಯಾರಬೇಕು. ರೈತನು ಕೆಲವು ವಾರ ನೀರು ನಿಲ್ಲಿಸುತ್ತಾನೆ. ಎಲೆ ಉದುರಿ ಗಿಡ ಬರಿಯ ಕಡ್ಡಿಯಾಗುತ್ತದೆ. ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಚಿಗುರಿನ ಜತೆಯಲ್ಲೇ ಕೆಂಪು ಹೂ. ಹೀಗೆ ಹೂ ಬಿಡಿಸುವ ಹಂಗಾಮಿಗೆ ‘ಬಹಾರ್’ ಎಂಬ ಹೆಸರು ಉತ್ತರದಿಂದ ಬಂದಿದೆ. ಮುಂಗಾರಿನ ಮೊದಲಲ್ಲಿ ಮೃಗ್ ಬಹಾರ್, ಹಿಂಗಾರಿನಲ್ಲಿ ಹಸ್ತ ಬಹಾರ್, ಜನವರಿ ಫೆಬ್ರವರಿಯಲ್ಲಿ ಅಂಬೆ ಬಹಾರ್. ಹೂವಿನಿಂದ ಹಣ್ಣಿಗೆ ಐದಾರು ತಿಂಗಳು. ಮೂರರಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ರೈತನು ಬಾವಿಯಲ್ಲಿರುವ ನೀರನ್ನೂ ಪೇಟೆಯ ಧಾರಣೆಯನ್ನೂ ನೋಡಿ ತೀರ್ಮಾನಿಸುತ್ತಾನೆ.

ಹಿರಿಯೂರಿನ ಹೊರವಲಯದಲ್ಲಿ ಬಬ್ಬೂರು ಫಾರಂ ಇದೆ. ಈ ಹಳೆಯ ಸರ್ಕಾರಿ ಬೇಸಾಯದ ಕ್ಷೇತ್ರ ಇಂದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರ. ಅಲ್ಲಿಂದ ಮುಂದೆ ರಸ್ತೆಯಂಚಿನ ಒಂದು ಸಣ್ಣ ಸಸ್ಯಕ್ಷೇತ್ರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದುದು ಒಂದು ನೋಟ. ನೆರಳುಬಲೆಯ ಕೆಳಗೆ ನೂರಾರು ಕಪ್ಪು ಚೀಲಗಳು. ಪ್ರತಿ ಚೀಲದಲ್ಲಿಯೂ ನೆಟ್ಟಗೆ ನಿಂತ ಒಂದು ಒಣಗಡ್ಡಿ. ಕೆಲವಕ್ಕೆ ತುದಿಯಲ್ಲಿ ಎರಡು ಎಲೆ, ಹಲವಕ್ಕೆ ಅದೂ ಇಲ್ಲ.

“ಇವೆಲ್ಲ ಬದುಕುತ್ತವೆಯೇ, ಯಜಮಾನರೇ?” ಎಂದು ಅಲ್ಲಿದ್ದ ಹಿರಿಯರನ್ನು ಕೇಳಿದೆ.

“ಎಲ್ಲಾ ಎಲ್ಲಿ ಬದುಕ್ತಾವೆ ಸ್ವಾಮಿ? ಎಲೆ ಬಂದ ಮಾತ್ರಕ್ಕೆ ನಂಬಬಾರ್ದು. ಕಡ್ಡೀಲಿರೋ ಕಸುವಿಗೇ ಎಲೆ ಬಂದಿರ್ತೈತೆ. ಬೇರು ಬಂದ್ರೆ ಗಿಡ.”

ಅವರು ಕೆಲಸ ನಿಲ್ಲಿಸದೆಯೇ ವಿವರಿಸಿದರು. ವರ್ಷ ತುಂಬಿದ, ಪೆನ್ಸಿಲಿನಷ್ಟು ದಪ್ಪದ ಕೊಂಬೆಯನ್ನು ಆರಿಸಬೇಕು. ಎಳೆಯದಾದರೆ ಕೊಳೆಯುತ್ತದೆ, ತೀರ ಬಲಿತದ್ದಾದರೆ ಬೇರಿಗೆ ಸೋಮಾರಿ. ಒಂದು ಗೇಣಿಗಿಂತ ತುಸು ಉದ್ದದ ತುಂಡುಗಳನ್ನಾಗಿ ಮಾಡಬೇಕು. ಬುಡದ ಕಡೆ ಗೆಣ್ಣಿನ ಕೆಳಗೇ ಓರೆಯಾಗಿ, ತುದಿಯ ಕಡೆ ನೇರವಾಗಿ ಕತ್ತರಿಸುವುದು ರೂಢಿ. ಎಲೆಯಿಲ್ಲದ ಕಡ್ಡಿಗೆ ತಲೆ ಯಾವುದು ಕಾಲು ಯಾವುದೆಂದು ಗುರುತಿಸುವುದು ಹೇಗೆ? ಓರೆಯಾದುದು ಕಾಲು. ತಲೆಕೆಳಗಾಗಿ ನೆಟ್ಟ ಕಡ್ಡಿ ಬೇರು ಬಿಡುವುದೆಂಬ ಭರವಸೆಯಿಲ್ಲ. ಬುಡವನ್ನು ಇಂಡೋಲ್ ಬ್ಯುಟಿರಿಕ್ ಆಮ್ಲವೆಂಬ ಬೇರು ತರಿಸುವ ದ್ರವದಲ್ಲಿ ಕ್ಷಣಕಾಲ ಅದ್ದಿ, ಮರಳು ಬೆರೆತ ಮಣ್ಣಿನಲ್ಲಿ ಮುಕ್ಕಾಲುಪಾಲು ಹೂಳಿದರೆ ಒಂದು ಒಂದೂವರೆ ತಿಂಗಳಲ್ಲಿ ಫಲಿತಾಂಶ ತಿಳಿಯುತ್ತದೆ. ಚಳಿಗಾಲದಲ್ಲಿ, ಗಿಡ ನಿದ್ದೆಯಲ್ಲಿರುವಾಗ ತೆಗೆದ ಕಡ್ಡಿ ಒಳ್ಳೆಯದು. ಮಹಡಿಯ ಮೇಲೆ ಕುಂಡದಲ್ಲಿ ಗಿಡ ಬೆಳೆಸುವ ನಮ್ಮ ಓದುಗ ಸೋದರಿಯರು ಇಷ್ಟನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಆ ದ್ರವ ಸಿಗದಿದ್ದರೂ ಅಡ್ಡಿಯಿಲ್ಲ. ಹತ್ತು ಕಡ್ಡಿ ನೆಟ್ಟರೆ ಕೆಲವಾದರೂ ಹಿಡಿಯುತ್ತವೆ.

ಮಾರಿಕಣಿವೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿ ಸೊಗಸಾದುದು. ಎಡಬಲದ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳು ಮೂರು ರೆಕ್ಕೆಗಳನ್ನು ನಿಧಾನವಾಗಿ ಬೀಸುತ್ತಿರುತ್ತವೆ. ಕೆಳಗೆ ಕೆಂಪು ಮಣ್ಣು, ರಾಗಿ, ಸಾವೆ, ಹುರುಳಿ, ಅಲ್ಲಲ್ಲಿ ತೆಂಗು. ಶ್ರಾವಣದ ಜಡಿಮಳೆ ಹನಿಯುತ್ತಿತ್ತು. ಅಂತಹ ಒಂದು ದಾಳಿಂಬೆ ತೋಟದಲ್ಲಿ ಗಿಡಗಳ ಕೊಂಬೆಕೊಂಬೆಗೂ ಬಿಳಿಯ ಪಟ್ಟಿ ಸುತ್ತಿರುವುದನ್ನು ಕಂಡು, ಜಗಳದಲ್ಲಿ ಗಾಯಗೊಂಡವರಿಗೆ ಕಟ್ಟು ಕಟ್ಟಿದ್ದಾರೇನೋ ಎಂದು ನನ್ನ ಜತೆಯ ಹುಡುಗ ನಕ್ಕ. ಅದು ಗಾಯವೇ ನಿಜ; ಬೇಕೆಂದೇ ಮಾಡಿದ ಗಾಯ. ಅದಕ್ಕೆ ‘ಗೂಟಿ ಕಟ್ಟುವುದು’ ಎನ್ನುತ್ತಾರೆ.

ಕೊಂಬೆಯನ್ನು ಗಿಡದಿಂದ ಬೇರೆ ಮಾಡದೆ, ಅದರ ಒಂದೆಡೆ ಅಂಗುಲದಗಲ ತೊಗಟೆಯನ್ನು ಬಳೆಯಂತೆ ಸುತ್ತಲೂ ಬಿಡಿಸಿ ತೆಗೆಯುತ್ತಾರೆ. ನೀರು ಒಳಗಿನ ಕಟ್ಟಿಗೆಯ ಮೂಲಕ ಮೇಲಕ್ಕೆ ಹರಿಯುವುದರಿಂದ ಕೊಂಬೆ ಬಾಡುವುದಿಲ್ಲ. ಆದರೆ ಎಲೆಗಳು ಅಟ್ಟ ಅಡುಗೆ ತೊಗಟೆಯ ದಾರಿಯಲ್ಲಿ ಕೆಳಗಿಳಿಯಬೇಕಷ್ಟೆ; ಆ ದಾರಿ ಕಡಿದುಹೋಗಿದೆ. ಇಳಿಯಲಾರದೆ ನಿಂತ ಆಹಾರ ಗಾಯದ ಮೇಲಂಚಿನಲ್ಲಿ ಕೂಡಿಕೊಂಡು, ಅಲ್ಲಿಂದ ಬೇರು ಒಡೆಯುತ್ತದೆ. ಆ ಬೇರಿಗೆ ತೇವ ಬೇಕೆಂದು ಒದ್ದೆಯ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಮೆತ್ತಿ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ. ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳಲ್ಲಿ, ಹಾಳೆಯೊಳಗೆ ಬಿಳಿಯ ಬೇರುಗಳು ಎಳೆಯ ಶ್ಯಾವಿಗೆಯಂತೆ ಹರಿದಾಡುವುದು ಹೊರಗಿನಿಂದಲೇ ಕಾಣುತ್ತದೆ. ಆಗ ಅದರ ಕೆಳಗೆ ಕತ್ತರಿಸಿ ಚೀಲಕ್ಕೆ ಇಳಿಸಿದರಾಯಿತು. ಕಡ್ಡಿಗಿಂತ ಇದು ನಂಬಿಕೆಯ ದಾರಿ. ಒಂದು ತಾಯಿಗಿಡದಿಂದ ಸಿಗುವ ಸಂಖ್ಯೆ ಕಡಮೆಯೆಂಬುದೊಂದೇ ಕೊರತೆ.

ತೋಟದ ಯಜಮಾನರು ನಮ್ಮನ್ನು ಗಿಡಗಳ ಹತ್ತಿರಕ್ಕೆ ಬಿಡಲಿಲ್ಲ. ಬೇಲಿಯ ಬಳಿಯಲ್ಲೇ ನಿಲ್ಲಿಸಿ, ಬಾಗಿಲಲ್ಲಿ ಇರಿಸಿದ್ದ ತೊಟ್ಟಿಯ ಮದ್ದುನೀರಿನಲ್ಲಿ ಚಪ್ಪಲಿಗಳನ್ನು ಅದ್ದಿಸಿದ ಮೇಲೆ ಒಂದು ಸಾಲಿನವರೆಗೆ ಕರೆದೊಯ್ದರು. ಈ ಕಟ್ಟುನಿಟ್ಟಿಗೆ ಕಾರಣ ಕೇಳಿದಾಗ, ಜಗುಲಿಗೆ ಕರೆದು ಕೂರಿಸಿ ಹೇಳಿದರು. ಹಲವು ವರ್ಷಗಳ ಹಿಂದೆ ದೂರದೂರಿನಿಂದ ಗೂಟಿ ಗಿಡಗಳನ್ನು ಲಾರಿಯಲ್ಲಿ ತರಿಸಿ ಎರಡು ಎಕರೆ ನೆಟ್ಟಿದ್ದರಂತೆ. ಕೊಳವೆಬಾವಿ, ಹನಿ ನೀರಾವರಿಯ ಕೊಳವೆ, ಕಂಬ, ತಂತಿ ಎಲ್ಲವೂ ಸಾಲದಲ್ಲಿ. ಎರಡನೆಯ ವರ್ಷ ಹೂ ಕಟ್ಟಿತು. ಕಾಯಿ ನಿಂಬೆಯ ಗಾತ್ರಕ್ಕೆ ಬಂತು. ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಎಲೆಯ ಮೇಲೆ ಎಣ್ಣೆ ಹನಿಸಿದಂತಹ ಕಪ್ಪು ಚುಕ್ಕೆಗಳು ಕಾಣಿಸಿಕೊಂಡು, ಕಾಯಿಗೆ ಹತ್ತಿ, ಕಾಯಿಗಳು ನಕ್ಷತ್ರದಂತೆ ಸೀಳಿದವು. ಗೆಣ್ಣುಗಳು ಕರಿದಾಗಿ ಕೊಂಬೆಗಳು ಮುರಿದುಬಿದ್ದವು.

“ಗಿಡ ಚೆಂದ ಐತೆ ಅಂತ ತಂದ್ವಿ ಸ್ವಾಮಿ. ಗಿಡ ನೋಡಿದ್ವೇ ಹೊರತು ಅದರ ತಾಯಿ ನೋಡ್ಲಿಲ್ಲ” ಎಂದರು ಅವರು.

ಒಳಗಿನಿಂದ ಮಜ್ಜಿಗೆ ತಂದಿರಿಸಿದ ಅವರ ವೃದ್ಧಮಾತೆ, “ಹೆಣ್ಣು ತರೋವಾಗ ತಾಯಿ ಎಂಥಾಕಿ ಅಂತ ನಾಕು ಮನೆ ಕೇಳ್ತಾರೆ. ಗಿಡಕ್ಕೆ ಯಾರೂ ಕೇಳಾಕಿಲ್ಲ” ಎಂದು ಸೇರಿಸಿದರು. “ಬೇರು ಸಮೇತ ಕಿತ್ತು ಸುಟ್ಟ ದಿನ ಈತ ಉಣ್ಲಿಲ್ಲ ಕಣಪ್ಪ.”

ಇದೇ ದುಂಡಾಣು ಅಂಗಮಾರಿ ರೋಗ. ರೈತರ ಬಾಯಲ್ಲಿ ಚುಕ್ಕೆ ರೋಗ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದುದು 1952ರಲ್ಲಿ, ದಿಲ್ಲಿಯ ಬಳಿ. ಅರ್ಧ ಶತಮಾನ ಅದು ದೊಡ್ಡ ಸುದ್ದಿಯಾಗಲಿಲ್ಲ. 2000ದ ಅನಂತರದ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರದ ಜಿಲ್ಲೆಗಳಲ್ಲಿಯೂ ಎದ್ದು ತೋಟಕ್ಕೆ ತೋಟವನ್ನೇ ನುಂಗಿತು. ದುರ್ಗದ ಸೀಮೆಯನ್ನೂ ಬಿಡಲಿಲ್ಲ. ತೋಟದೊಳಗೆ ಇದನ್ನು ಹರಡುವುದು ಮಳೆಯ ಹನಿ, ಗಾಳಿ ಮತ್ತು ಸವರುವ ಕತ್ತರಿ. ಆದರೆ ನೂರಾರು ಮೈಲಿ ದಾಟಿಸುವುದು ಮಾತ್ರ ನೆಡುವ ಗಿಡ. ಕಡ್ಡಿಯೊಳಗೆ ದುಂಡಾಣು ಸದ್ದಿಲ್ಲದೆ ಅಡಗಿ ಪ್ರಯಾಣ ಮಾಡುತ್ತದೆ. ಬೇಸಗೆಯಲ್ಲಿ ನೋಡಿದರೆ ಹಸಿರಾಗಿ ನಳನಳಿಸುವ ಗಿಡ, ಮಳೆಗಾಲ ಬಂದಾಗ ತನ್ನ ಗುಟ್ಟನ್ನು ಹೊರಗೆಡಹುತ್ತದೆ. ಮದ್ದು ಹೊಡೆದು ತಡೆಹಿಡಿಯಬಹುದೇ ವಿನಾ ಹತ್ತಿದ ರೋಗವನ್ನು ಗಿಡದಿಂದ ತೊಳೆದು ತೆಗೆಯುವ ಔಷಧಿಯಿಲ್ಲ. ದಾಳಿಂಬೆಗೆಂದೇ ಸೊಲ್ಲಾಪುರದಲ್ಲಿ 2005ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವನ್ನು ತೆರೆಯಲಾಯಿತು. ಶುದ್ಧವಾದ ಗಿಡವನ್ನೇ ನೆಡಿರೆಂಬುದು ತಜ್ಞರೂ ಮತ್ತೆ ಮತ್ತೆ ಹೇಳುವ ಮಾತು.

ಗಿಡಗಳನ್ನು ಸುಟ್ಟ ನೆಲದಲ್ಲಿ ನಾಲ್ಕು ವರ್ಷ ಸಾವೆ ಹುರುಳಿ ಬೆಳೆದು, ಸಾಲದ ಬಹುಭಾಗ ತೀರಿಸಿ, ಯಜಮಾನರು ಮತ್ತೆ ದಾಳಿಂಬೆ ನೆಟ್ಟರು. ಈ ಸಲ ಒಂದೇ ಎಕರೆ. ಪರಿಚಯದವರ ತೋಟದಲ್ಲಿ ಇಪ್ಪತ್ತು ಗಿಡಗಳಿಗೆ ಸುಣ್ಣದ ಗುರುತು ಹಾಕಿ, ಒಂದು ಪೂರಾ ಮಳೆಗಾಲ ವಾರಕ್ಕೊಮ್ಮೆ ಹೋಗಿ ಎಲೆಯ ಅಡಿಯನ್ನು ನೋಡಿ ಬಂದರಂತೆ. ಚುಕ್ಕೆ ಕಂಡ ಏಳು ಗಿಡಗಳ ಗುರುತನ್ನು ಅಳಿಸಿದರು. ಉಳಿದವುಗಳಿಗೆ ಮರುವರ್ಷ ಗೂಟಿ ಕಟ್ಟಿದರು. ಈಗ ಅವರ ತೋಟದಲ್ಲಿ ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಮದ್ದಿನಲ್ಲಿ ಅದ್ದದೆ ಮುಟ್ಟುವಂತಿಲ್ಲ. ಪ್ರಯೋಗಶಾಲೆಯಲ್ಲಿ ಅಂಗಾಂಶದಿಂದ ಬೆಳೆಸಿದ ಸಸಿಗಳೂ ಈಗ ದೊರೆಯುತ್ತವೆ. ಬೆಲೆ ಹೆಚ್ಚು, ರೋಗವನ್ನು ಹೊತ್ತು ತರುವ ಭಯ ಕಡಮೆ. ಆದರೆ ನೆಟ್ಟ ಮೇಲೆ ಪಕ್ಕದ ತೋಟದ ಚುಕ್ಕೆ ಹಾರಿ ಬಂದರೆ ಅವುಗಳಿಗೂ ವಿನಾಯಿತಿಯಿಲ್ಲ. “ನಾನೊಬ್ಬ ನೆಟ್ಟಗಿದ್ರೆ ಸಾಲ್ದು, ಬೇಲಿ ಆಚೆಯೋನೂ ಇರಬೇಕು” ಎಂದು ಯಜಮಾನರು ಪಕ್ಕದ ಹೊಲದತ್ತ ಕೈ ತೋರಿದರು. ಅಲ್ಲಿಯೂ ದಾಳಿಂಬೆಯ ಗುಂಡಿಗಳನ್ನು ತೋಡಿದ್ದರು.

ಇಷ್ಟೆಲ್ಲ ತೊಡಕಿರುವಾಗ ಬೀಜ ಬಿತ್ತಿಯೇ ಏಕೆ ಗಿಡ ಮಾಡಬಾರದೆಂದು ವಾಚಕರು ಕೇಳಬಹುದು. ದಾಳಿಂಬೆಯ ಬೀಜ ಹುಟ್ಟುವುದಕ್ಕೆ ತಕರಾರು ಮಾಡುವುದಿಲ್ಲ. ತಿಂದು ಎಸೆದ ಬೀಜವೂ ಹಿತ್ತಲಲ್ಲಿ ಮೊಳೆಯುತ್ತದೆ. ಆದರೆ ಹುಟ್ಟಿದ ಸಸಿ ತಾಯಿಯಂತಿರುವುದಿಲ್ಲ. ಸಿಹಿಯ ಹೊಟ್ಟೆಯಲ್ಲಿ ಹುಳಿ ಹುಟ್ಟಬಹುದು, ಮೆತ್ತನೆಯ ಬೀಜದ ಹಣ್ಣಿನಿಂದ ಹಲ್ಲು ಮುರಿಯುವ ಬೀಜದ್ದು. ನಾಲ್ಕಾರು ವರ್ಷ ಸಾಕಿದ ಮೇಲೆ ತಿಳಿಯುವ ಸಂಗತಿಯಿದು. ಸಾಲ ತಂದು ತೋಟ ಮಾಡುವವನಿಗೆ ಈ ಜೂಜು ಕೂಡದು.

ಆದರೂ ಬೀಜದ ಸಸಿಯನ್ನು ಹಳಿಯುವಂತಿಲ್ಲ. ಪುಣೆಯ ಗಣೇಶಖಿಂಡಿನ ಹಣ್ಣಿನ ತೋಟದಲ್ಲಿ ಡಾ. ಜಿ. ಎಸ್. ಚೀಮಾ ಅವರು ಆಳಂದಿಯ ದಾಳಿಂಬೆಯ ಬೀಜದ ಸಸಿಗಳನ್ನು ಬೆಳೆಸಿ, ಅವುಗಳಲ್ಲಿ ಒಂದನ್ನು 1936ರಲ್ಲಿ ಆರಿಸಿದರು. ಬೀಜ ಮೆತ್ತಗೆ, ರಸ ಸಿಹಿ. ಮುಂದೆ ‘ಗಣೇಶ’ ಎಂದು ಹೆಸರಾದುದು ಅದೇ. ಆ ಗಣೇಶವನ್ನು ಕೆಂಪು ಕಾಳಿನ ‘ಗುಲ್-ಎ-ಶಾ ರೆಡ್’ ಎಂಬ ತಳಿಯೊಡನೆ ಕೂಡಿಸಿ, ಹುಟ್ಟಿದ ಸಂತತಿಯಲ್ಲಿ ಆರಿಸಿ ಪಡೆದುದು ‘ಭಗವಾ’. ಹೆಸರಿನ ಅರ್ಥ ಕೇಸರಿ. ಇಂದು ಹೊಸದುರ್ಗದ ತೋಟಗಳಲ್ಲಿ ಎಲ್ಲೆಲ್ಲಿಯೂ ಕಾಣುವುದು ಇದನ್ನೇ. ಅಂದರೆ, ಎಂದೋ ಎಲ್ಲಿಯೋ ಬೀಜದಿಂದೆದ್ದ ಒಂದೇ ಒಂದು ಸಸಿಯ ಕೊಂಬೆಗಳು ಕಡ್ಡಿಯಾಗಿ, ಗೂಟಿಯಾಗಿ, ಕೈಯಿಂದ ಕೈಗೆ ದಾಟುತ್ತ ಈ ಕೆಂಪು ನೆಲದವರೆಗೆ ಬಂದಿವೆ. ಕಣ್ಣಿಗೆ ಲಕ್ಷಾಂತರ ಗಿಡ. ಲೆಕ್ಕಕ್ಕೆ ಒಂದೇ ಮರ. ರುಚಿಯು ಎಲ್ಲೆಡೆ ಒಂದೇ ಆಗಿರುವುದು ಇದರಿಂದ. ರೋಗ ಬಂದಾಗ ಎಲ್ಲವೂ ಒಟ್ಟಿಗೆ ತಲೆಬಾಗುವುದೂ ಇದರಿಂದಲೇ. ನಮ್ಮ ಬೆಂಗಳೂರಿನ ಹೆಸರಘಟ್ಟದ ಸಂಸ್ಥೆಯವರು ‘ರೂಬಿ’ ಎಂಬ ತಳಿಯನ್ನು ಕೊಟ್ಟಿದ್ದಾರೆ. ಆದರೆ ಪೇಟೆಯು ಭಗವಾದ ಬಣ್ಣಕ್ಕೆ ಮನಸೋತಿದೆ, ರೈತನು ಪೇಟೆಯನ್ನು ಮೀರಲಾರ. ಕೊಳ್ಳುವ ನಾವು ಕೆಂಪನ್ನೇ ಹುಡುಕುವುದು ಬಿಟ್ಟರೆ ತೋಟದಲ್ಲಿ ನಾಲ್ಕು ಬಗೆಯ ಗಿಡ ಉಳಿದಾವು.

ಹೊಸದುರ್ಗದಿಂದ ಹೊಳಲ್ಕೆರೆಗೆ ಬಂದರೆ ನೆಲದ ಬಣ್ಣ ಅಷ್ಟಾಗಿ ಬದಲಾಗದಿದ್ದರೂ ತಲೆಯ ಮೇಲಣ ಹಸಿರು ಬದಲಾಗುತ್ತದೆ. ಊರಿನ ಪ್ರಖ್ಯಾತ ಗಣಪತಿ, ಬಯಲಿನಲ್ಲಿ ಕುಳಿತ ಬೃಹನ್ಮೂರ್ತಿ. ಹಿಂದಿನಿಂದ ನೋಡಿದರೆ ಬೆನ್ನ ಮೇಲೆ ಇಳಿಬಿದ್ದ ಜಡೆ. ಕೈಮುಗಿದು ಹೊರಟರೆ ಅಡಿಕೆ ತೋಟಗಳು.

ಅಡಿಕೆಯ ಕತೆ ದಾಳಿಂಬೆಗೆ ನೇರ ವಿರುದ್ಧ. ಅದಕ್ಕೆ ಕೊಂಬೆಯಿಲ್ಲ, ಕಡ್ಡಿಯಿಲ್ಲ, ಗೂಟಿಯಿಲ್ಲ. ಬೀಜವೊಂದೇ ಗತಿ. ಆದುದರಿಂದ ಆಯ್ಕೆಯ ಕಷ್ಟವೆಲ್ಲ ಕಾಯಿಯ ಮೇಲೆ ಬೀಳುತ್ತದೆ. ನಡುವಯಸ್ಸಿನ, ವರ್ಷವರ್ಷವೂ ಸಮನಾಗಿ ಫಲ ಕೊಡುವ ಮರವನ್ನು ಗುರುತಿಸಿ, ಪೂರ್ತಿ ಹಣ್ಣಾದ ತೂಕದ ಕಾಯಿಗಳನ್ನು ನೀರಿಗೆ ಹಾಕುತ್ತಾರೆ. ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಕಾಯಿಯಿಂದ ಗಟ್ಟಿ ಸಸಿ ಬರುವುದೆಂದು ಅನುಭವಸ್ಥರ ಮಾತು. ಸಂಶೋಧಕರೂ ಅದನ್ನು ಒಪ್ಪಿದ್ದಾರೆ. ತೊಟ್ಟನ್ನು ಮೇಲಕ್ಕೆ ಮಾಡಿ ಮರಳಿನ ಮಡಿಯಲ್ಲಿ ಹೂಳಿದರೆ ಒಂದೂವರೆ ತಿಂಗಳಲ್ಲಿ ಮೊಳಕೆ. ಎರಡು ಮೂರು ಎಲೆಯಾದಾಗ ಬೇರೆ ಮಡಿಗೆ, ವರ್ಷ ಒಂದೂವರೆ ವರ್ಷವಾದ ಮೇಲೆ ತೋಟಕ್ಕೆ. ಫಲಕ್ಕೆ ಇನ್ನೂ ಐದಾರು ವರ್ಷ ಕಾಯಬೇಕು. ಮಡಿಯ ಬಳಿ ನೀರು ಹಾಕುತ್ತಿದ್ದ ಹೆಂಗಸು, “ಇವು ಫಲ ಕೊಡೋ ಹೊತ್ತಿಗೆ ನನ್ನ ಮಗಳು ಹೈಸ್ಕೂಲು ದಾಟಿರ್ತಾಳೆ” ಎಂದಳು.

ಧಾರಣೆ ಏರಿದಂತೆಲ್ಲ ಅಡಿಕೆ ಮೂಡಲಿಗೆ ಸರಿಯುತ್ತಿದೆ. ಮಲೆನಾಡಿನ ನೆರಳಿನಲ್ಲಿ ಬೆಳೆದ ಮರವನ್ನು ಬಯಲಿಗೆ ತಂದು ಕೊಳವೆಬಾವಿಯ ನೀರಿನಲ್ಲಿ ಸಾಕುವುದು ದೀರ್ಘಕಾಲ ನಡೆಯುವ ಬಾಳೆಂದು ನನಗೆ ತೋರಲಿಲ್ಲ. ಬಾಯಾರಿಕೆಯನ್ನೇ ಹೂವಾಗಿಸುವ ದಾಳಿಂಬೆ ಈ ನೆಲದ ಸ್ವಭಾವಕ್ಕೆ ಹತ್ತಿರದ್ದು. ಆದರೆ ದಾಳಿಂಬೆಯಲ್ಲಿ ಕೈ ಸುಟ್ಟುಕೊಂಡವನು ಅಡಿಕೆಯತ್ತ ತಿರುಗಿದರೆ ಅವನನ್ನು ದೂರುವುದಾದರೂ ಹೇಗೆ? ಅಡಿಕೆಗೂ ರೋಗಗಳುಂಟು, ಆದರೂ ಒಂದೇ ಮಳೆಗಾಲದಲ್ಲಿ ತೋಟವನ್ನೆಲ್ಲ ಸುಡಬೇಕಾಗಿ ಬರುವುದು ಅಲ್ಲಿ ವಿರಳ. ಭದ್ರಾ ಮೇಲ್ದಂಡೆಯ ನೀರಿಗಾಗಿ ಜಿಲ್ಲೆಯೇ ಕಾಯುತ್ತಿದೆ. ಅದು ಹೊಲಗಳಿಗೆ ಹರಿದಾಗ ಈ ಎರಡರಲ್ಲಿ ಯಾವುದಕ್ಕೆ ಅನುಕೂಲವಾದೀತೆಂಬ ಚರ್ಚೆ ಹೊಳಲ್ಕೆರೆಯ ಚಹಾದಂಗಡಿಯಲ್ಲಿ ನಾವು ಬಸ್ಸಿಗೆ ಕಾದಷ್ಟು ಹೊತ್ತೂ ನಡೆದಿತ್ತು.

ದುರ್ಗವನ್ನು ತಲಪಿದಾಗ ಸಂಜೆ. ಕೋಟೆಯ ಬಂಡೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಜೋಗಿಮಟ್ಟಿಯ ಕಡೆಯ ಗುಡ್ಡಗಳಲ್ಲಿ ಯಾರೂ ನೆಡದ, ಯಾರೂ ನೀರೆರೆಯದ ಸೀತಾಫಲದ ಪೊದೆಗಳು ಬಂಡೆಯ ಸಂದುಗಳಿಂದ ಎದ್ದಿರುತ್ತವೆ. ಹೆಸರಿನಲ್ಲಿ ಸೀತೆಯಿದ್ದರೂ ಅದರ ಮೂಲ ಅಮೆರಿಕ ಖಂಡ. ಬಂದ ಮೇಲೆ ಇಲ್ಲಿಯದೇ ಆಗಿಬಿಟ್ಟಿದೆ. ಮೇಕೆ ಅದರ ಎಲೆಯನ್ನು ಮುಟ್ಟುವುದಿಲ್ಲ. ತಿಂದವರು ಉಗುಳಿದ ಬೀಜ ಮಳೆಗೆ ಮೊಳೆತು, ಒಂದೊಂದು ಗಿಡವೂ ತನ್ನದೇ ರುಚಿಯ ಹಣ್ಣು ಬಿಡುತ್ತದೆ. ಒಂದರಲ್ಲಿ ತಿರುಳು ಹೆಚ್ಚು, ಇನ್ನೊಂದರಲ್ಲಿ ಬರೀ ಬೀಜ.

ಈ ಸೀಮೆಗೆ ಹೋಗಬಯಸುವವರು ಶ್ರಾವಣದಲ್ಲಿ ಹೊರಟರೆ ಹೊಸದುರ್ಗದ ಸುತ್ತ ಗೂಟಿ ಕಟ್ಟುವುದನ್ನು ಕಾಣಬಹುದು. ಅಪ್ಪಣೆಯಿಲ್ಲದೆ ತೋಟದೊಳಗೆ ಕಾಲಿಡಬಾರದು. ಒಂದು ತೋಟದಲ್ಲಿ ಎಲೆ ಮುಟ್ಟಿದ ಕೈಯಲ್ಲಿ ಇನ್ನೊಂದು ತೋಟದ ಎಲೆಯನ್ನು ಮುಟ್ಟಬಾರದು. ನೆನಪಿಗೆಂದು ಕಡ್ಡಿಯನ್ನು ಕೇಳುವವರು ಮೊದಲು ತಾಯಿಗಿಡವನ್ನು ತೋರಿಸಿರೆಂದು ಕೇಳಬೇಕು. ಯಾವ ರೈತನೂ ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ದಸರೆಯ ರಜೆಯಲ್ಲಿ ಹೋದರೆ ದುರ್ಗದ ಬೀದಿಯಲ್ಲಿ ಬುಟ್ಟಿಯ ತುಂಬ ಸೀತಾಫಲ. ಕಣ್ಣುಗಳು ಅಗಲವಾಗಿ, ನಡುವಣ ಗೆರೆ ಬೆಳ್ಳಗಾಗಿರುವುದನ್ನು ಆರಿಸಿ ತಂದು, ಅಕ್ಕಿಯ ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಹದವಾಗಿ ಹಣ್ಣಾಗುತ್ತದೆ.